ಎರಡು ಜೀವದ ರಕ್ತ: ಬಸಿರನ್ನು ಅರಿತ ಬಗೆಯ ಒಂದು ಚರಿತ್ರೆ

ಕಾಯ್ಕಿಣಿ ಎಂದರೆ ಕನ್ನಡದ ಓದುಗರಿಗೆ ಮೊದಲು ನೆನಪಾಗುವವರು ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿ. ಅವರ ಹೆಸರಿನ ಜೊತೆಗಿರುವ ಆ ಊರು ಭಟ್ಕಳ ತಾಲೂಕಿನಲ್ಲಿ, ಮುರ್ಡೇಶ್ವರದ ಮಗ್ಗುಲಲ್ಲಿದೆ. ನನಗೆ ಮಾತ್ರ ಕಾಯ್ಕಿಣಿ ಎಂದರೆ ನಾನಿಯ ಮನೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ಗದ್ದೆ ಮತ್ತು ತೆಂಗಿನ ತೋಟ. ಬೇಸಿಗೆ ರಜೆ ಬಂತೆಂದರೆ ನಾವು ಮಕ್ಕಳೆಲ್ಲ ಅಲ್ಲಿ.

ಆ ಮನೆಗೆ ಆಗಾಗ ಒಬ್ಬ ಸೂಲಗಿತ್ತಿ ಬರುತ್ತಿದ್ದಳು. ಪಕ್ಕದ ಕೇರಿಯ ಹಿಂದೂ ಮುದುಕಿ. ನಾನಿ ಅವಳನ್ನು 'ಅಕ್ಕ' ಎನ್ನುತ್ತಿದ್ದಳು, ಅವಳು ನಾನಿಯನ್ನು 'ಬೀಬಮ್ಮ' ಎನ್ನುತ್ತಿದ್ದಳು. ನನ್ನ ಅಮ್ಮಿಯನ್ನೂ ಅವಳ ತಂಗಿಯನ್ನೂ ಭೂಮಿಗೆ ಇಳಿಸಿದವಳು ಅವಳೇ. ಮನೆಯಲ್ಲಿ ಯಾರಿಗಾದರೂ ಮುಟ್ಟು ನಿಂತಿದೆ ಎಂದು ತಿಳಿದರೆ ಇಬ್ಬರೂ ಜಗಲಿಯ ಮೇಲೆ ಲೆಕ್ಕ ಹಾಕಲು ಕೂರುವರು. "ಚೌತಿಗೆ ಮೊದಲೋ ಆಮೇಲೋ?" ಎಂದು ಅವಳು ಕೇಳಿದರೆ, ನಾನಿ "ಮೊಹರಮ್ಮಿನ ಚಾಂದ್ ಕಂಡ ಮೇಲೆ" ಎನ್ನುವಳು. ಒಬ್ಬಳದ್ದು ಹಬ್ಬದ ಲೆಕ್ಕ, ಇನ್ನೊಬ್ಬಳದ್ದು ಚಂದ್ರನ ಲೆಕ್ಕ. ಎರಡೂ ಸೇರಿ ಹೆರಿಗೆಯ ದಿನ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತಿತ್ತು.

ಆದರೆ ಅವರ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಆ ಮನೆಯಲ್ಲೇ ನಡೆಯಿತು. ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, 1980ರ ದಶಕದಲ್ಲಿ ಮೂರು ಸಲ ಬಸುರಿಯಾದಳು. ಮೂರು ಸಲವೂ ಮೂರು ತಿಂಗಳು ತುಂಬುವ ಮೊದಲೇ ಬಸಿರು ಇಳಿದುಹೋಯಿತು. ಗಂಡ ದುಬೈಯಲ್ಲಿದ್ದ. ಸಿಹಿ ಸುದ್ದಿಯ ಪತ್ರ ಅವನ ಕೈ ಸೇರುವ ಹೊತ್ತಿಗೆ ಇಲ್ಲಿ ಸುದ್ದಿಯೇ ಮುಗಿದಿರುತ್ತಿತ್ತು. ಭಾರ ಎತ್ತಿದಳು, ಪಪ್ಪಾಯಿ ತಿಂದಳು, ಮುಸ್ಸಂಜೆಯಲ್ಲಿ ಹೊಳೆ ದಾಟಿದಳು ಎಂದು ಗಂಡನ ಮನೆಯವರು ಕಾರಣಗಳನ್ನು ಹುಡುಕಿದರು. ಕೊನೆಗೆ ನಗರದ ವೈದ್ಯರೊಬ್ಬರು, ರಕ್ತ ಪರೀಕ್ಷೆಯನ್ನೇ ಮಾಡದೆ, "ಹಾರ್ಮೋನು ಕಡಿಮೆ ಇರಬಹುದು" ಎಂದರು. ಆ ಮಾತು ಮನೆ ಮುಟ್ಟುವಾಗ "ಇವಳ ರಕ್ತದಲ್ಲೇ ಕೊರತೆ ಇದೆ" ಎಂದಾಗಿತ್ತು. ಒಂದೂವರೆ ವರ್ಷದಲ್ಲಿ ಗಂಡ ಇನ್ನೊಂದು ಮದುವೆಯಾದ. ಖಾಲಾ ಕಾಯ್ಕಿಣಿಗೆ ಮರಳಿದಳು.

'ಇವಳ ರಕ್ತದಲ್ಲಿ ಕೊರತೆ' ಎಂಬ ಮಾತು ನನ್ನನ್ನು ಬಹಳ ವರ್ಷ ಕಾಡಿತು. ಬಸುರಿಯ ರಕ್ತದಲ್ಲಿರುವ ಆ ರಸಗಳು ನಿಜಕ್ಕೂ ಯಾರವು? ಅವುಗಳನ್ನು ಮನುಷ್ಯ ಹೇಗೆ ಕಂಡುಕೊಂಡ? ಕಡಿಮೆಯಾದರೆ ತಪ್ಪು ಯಾರದ್ದು? ಇದಕ್ಕೆ ಉತ್ತರ ಹುಡುಕುತ್ತ ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕಾಲವೇ ಪರೀಕ್ಷೆಯಾಗಿದ್ದಾಗ

ಕನ್ನಡದಲ್ಲಿ ಬಸುರಿಯನ್ನು 'ಎರಡು ಜೀವದವಳು' ಎನ್ನುತ್ತೇವೆ. ಉರ್ದುವಿನಲ್ಲಿ 'ಉಮ್ಮೀದ್ ಸೆ ಹೈ', ಅಂದರೆ ಭರವಸೆಯಿಂದ ಇದ್ದಾಳೆ ಎನ್ನುತ್ತಾರೆ. ಚರಕ, ಸುಶ್ರುತರ ಆಯುರ್ವೇದ ಗ್ರಂಥಗಳು ಅವಳನ್ನು 'ದೌಹೃದಿನಿ' ಎಂದು ಕರೆದವು. ಎರಡು ಹೃದಯದವಳು ಎಂದು ಅರ್ಥ. ಮಗುವಿನ ಹೃದಯ ತಾಯಿಯ ಹೃದಯದೊಂದಿಗೆ ರಸನಾಳಗಳ ಮೂಲಕ ಬೆಸೆದಿದೆ, ಆದ್ದರಿಂದ ಅವಳ ಬಯಕೆ ಮಗುವಿನ ಬಯಕೆಯೂ ಹೌದು ಎಂಬುದು ಅವರ ತಿಳುವಳಿಕೆ. ಒಳಗಿನಿಂದ ಏನೋ ಹರಿದು ಬಂದು ತಾಯಿಯನ್ನು ಬದಲಿಸುತ್ತದೆ ಎಂಬುದು ಹಿಂದಿನವರ ಅರಿವಿಗೆ ಬಂದಿತ್ತು. ಅದನ್ನು ತೋರಿಸುವ ದಾರಿ ಮಾತ್ರ ಅವರಿಗೆ ಇರಲಿಲ್ಲ.

ಹಾಗಾಗಿ ಕಾಯುವುದೊಂದೇ ಉಳಿದ ಉಪಾಯ. ಇಸ್ಲಾಮೀ ಕಾನೂನಿನ ಇದ್ದತ್ ಇದಕ್ಕೆ ಒಂದು ನಿದರ್ಶನ. ವಿಚ್ಛೇದಿತೆ ಮೂರು ಋತುಗಳ ಕಾಲ, ವಿಧವೆ ನಾಲ್ಕು ತಿಂಗಳು ಹತ್ತು ದಿನ, ಬಸುರಿಯಾದರೆ ಹೆರಿಗೆಯವರೆಗೆ ಕಾಯಬೇಕು. ಇದ್ದತ್ತಿಗೆ ಶೋಕ, ರಾಜಿಯ ಅವಕಾಶ ಮುಂತಾದ ಬೇರೆ ಉದ್ದೇಶಗಳೂ ಇವೆ. ಆದರೆ ಗರ್ಭದಲ್ಲಿ ಮಗುವಿದೆಯೇ ಎಂಬುದು ಖಚಿತವಾಗಲಿ, ಹುಟ್ಟುವ ಮಗುವಿನ ವಂಶದ ಬಗ್ಗೆ ಅನುಮಾನ ಬಾರದಿರಲಿ ಎಂಬುದೂ ಅದರ ಒಂದು ಹಿತ ಎಂದು ಫಿಕ್‌ಹ್ ಪಂಡಿತರು ಹೇಳಿದ್ದಾರೆ. ಇಂಗ್ಲೆಂಡಿನಲ್ಲಿ ಮರಣದಂಡನೆಗೆ ಗುರಿಯಾದ ಹೆಣ್ಣು 'ನಾನು ಬಸುರಿ' ಎಂದರೆ ಅನುಭವಿ ಗೃಹಿಣಿಯರ ಒಂದು ಪಂಚಾಯ್ತಿ ಅವಳನ್ನು ಪರೀಕ್ಷಿಸುತ್ತಿತ್ತು. ಈ ಪದ್ಧತಿ ಕಾನೂನಿನಿಂದ ತೊಲಗಿದ್ದು 1931ರಲ್ಲಿ. ಹೆಣ್ಣಿನ ಮಾತೊಂದನ್ನೇ ನಂಬುವಂತಿರಲಿಲ್ಲ, ಅವಳ ಮೈಯೊಳಗಿನದು ಕಾಣುತ್ತಲೂ ಇರಲಿಲ್ಲ.

ಖಾರೂರಾದಿಂದ ಇಲಿಯವರೆಗೆ

ಯುನಾನಿ ಹಕೀಮರು ನಾಡಿ ಹಿಡಿಯುವುದರ ಜೊತೆಗೆ ಖಾರೂರಾವನ್ನೂ ನೋಡುತ್ತಿದ್ದರು. ಖಾರೂರಾ ಎಂದರೆ ಮೂತ್ರ ತುಂಬಿದ ಗಾಜಿನ ಬುರುಡೆ. ಹನ್ನೊಂದನೇ ಶತಮಾನದ ಇಬ್ನ್ ಸೀನಾ ತನ್ನ 'ಅಲ್ ಖಾನೂನ್' ಗ್ರಂಥದಲ್ಲಿ ಬಸುರಿಯ ಮೂತ್ರದ ಬಣ್ಣವನ್ನೂ ಅದರಲ್ಲಿ ಹಿಂಜಿದ ಹತ್ತಿಯಂತೆ ಕಾಣುವ ಮೋಡವನ್ನೂ ವಿವರಿಸಿದ್ದಾನೆ. ಅದಕ್ಕೂ ಮೊದಲು, ಹತ್ತನೇ ಶತಮಾನದಲ್ಲಿ, ಕೊರ್ಡೋಬಾದ ಅರೀಬ್ ಇಬ್ನ್ ಸಅದ್ ಭ್ರೂಣದ ಸೃಷ್ಟಿ ಮತ್ತು ಬಸುರಿ, ಶಿಶುಗಳ ಆರೈಕೆಯ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದ. ಇನ್ನೂ ಹಿಂದೆ, ಮೂರು ಸಾವಿರ ವರ್ಷಗಳಿಗೂ ಮೊದಲು, ಈಜಿಪ್ಟಿನ ಹೆಂಗಸರು ಗೋಧಿ ಮತ್ತು ಬಾರ್ಲಿ ಕಾಳುಗಳ ಮೇಲೆ ಮೂತ್ರ ಹೊಯ್ದು, ಮೊಳಕೆ ಬಂದರೆ ಬಸಿರು ಎಂದು ತಿಳಿಯುತ್ತಿದ್ದರು. 1963ರಲ್ಲಿ ಈಜಿಪ್ಟಿನ ವೈದ್ಯ ಘಲಿಯೂಂಗಿ ಮತ್ತು ಸಂಗಡಿಗರು ಈ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿದರು. ಬಸುರಿಯರ ಮೂತ್ರ ಸುಮಾರು ಶೇ. 70ರಷ್ಟು ಸಲ ಕಾಳುಗಳನ್ನು ಮೊಳೆಯಿಸಿತು. ಹಿಂದಿನವರು ಹುಡುಕಿದ ಜಾಗ ತಪ್ಪಾಗಿರಲಿಲ್ಲ.

'ಹಾರ್ಮೋನ್' ಎಂಬ ಪದವನ್ನು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ದೇಹದ ಒಂದು ಭಾಗ ರಕ್ತಕ್ಕೆ ಬಿಡುವ ರಸ ಇನ್ನೊಂದು ಭಾಗವನ್ನು ಕೆಲಸಕ್ಕೆ ಎಬ್ಬಿಸುತ್ತದೆ ಎಂಬುದು ಅದರ ಅರ್ಥ. 1927-28ರಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೋಂಡೆಕ್ ಬಸುರಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಆ ಇಲಿಗಳ ಅಂಡಾಶಯ ಬಲಿತು ಬಿಟ್ಟಿತು. ಜಗತ್ತಿಗೆ ಮೊದಲ ಬಾರಿ ನಂಬಬಹುದಾದ ಬಸಿರಿನ ಪರೀಕ್ಷೆ ಸಿಕ್ಕಿತು. ಇಬ್ಬರೂ ಯಹೂದಿಗಳು. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಇಬ್ಬರೂ ಜರ್ಮನಿ ತೊರೆಯಬೇಕಾಯಿತು. ಝೋಂಡೆಕ್ ಜೆರುಸಲೇಮಿಗೂ ಆಶ್‌ಹೈಮ್ ಪ್ಯಾರಿಸ್ಸಿಗೂ ಹೋದರು.

ಇಲಿಯ ನಂತರ ಮೊಲ ಬಂತು, ಆಮೇಲೆ ದಕ್ಷಿಣ ಆಫ್ರಿಕಾದ ಕಪ್ಪೆ. ಬಸುರಿಯ ಮೂತ್ರ ಚುಚ್ಚಿದರೆ ಆ ಹೆಣ್ಣು ಕಪ್ಪೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ಮೊಟ್ಟೆಯಿಡುತ್ತಿತ್ತು. ಇಲಿ, ಮೊಲಗಳನ್ನು ಕೊಂದು ನೋಡಬೇಕಿತ್ತು. ಕಪ್ಪೆಯನ್ನು ಮಾತ್ರ ಬಿಟ್ಟು ಮತ್ತೆ ಬಳಸಬಹುದಿತ್ತು. ಒಂದು ಹೆಣ್ಣಿನ ಸುದ್ದಿ ತಿಳಿಯಲು ಹೀಗೆ ಎಷ್ಟೋ ಮೂಕ ಜೀವಗಳು ಸಾಕ್ಷಿ ಹೇಳಬೇಕಾಯಿತು.

ಆ ರಸ ಯಾರದ್ದು?

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಈ ರಸ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ ಎಂದೇ ಆಶ್‌ಹೈಮ್ ಮತ್ತು ಝೋಂಡೆಕ್ ಮೊದಲು ನಂಬಿದ್ದರು. ಅಂದರೆ ಅದು ತಾಯಿಯ ಸ್ವಂತದ್ದು. 1938ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾರ್ಜಿಯಾನಾ ಸೀಗರ್ ಎಂಬ ಯುವತಿ ತನ್ನ ಸಹೋದ್ಯೋಗಿಗಳೊಂದಿಗೆ ಮಾಸಿನ ಜೀವಕೋಶಗಳನ್ನು ಗಾಜಿನಲ್ಲಿ ಬೆಳೆಸಿ ನೋಡಿದಳು. ಆ ಕೋಶಗಳು ತಾಯಿಯ ದೇಹದ ಹೊರಗೇ ಅದೇ ರಸವನ್ನು ಸುರಿಸಿದವು. ಅದು ಪಿಟ್ಯುಟರಿಯದ್ದಲ್ಲ, ಮಾಸಿನದ್ದು ಎಂದು ಹೀಗೆ ತಿಳಿಯಿತು. ಇಂದು ಅದನ್ನು ಎಚ್‌ಸಿಜಿ ಎನ್ನುತ್ತಾರೆ.

ಮಾಸು ಎಂದರೆ ನಮ್ಮ ಹಳ್ಳಿಗಳಲ್ಲಿ ಹೆರಿಗೆಯ ನಂತರ ಹೂಳುವ ವಸ್ತು. ಅದನ್ನು ನಾವು ತಾಯಿಯ ಅಂಗವೆಂದೇ ಭಾವಿಸುತ್ತೇವೆ. ಆದರೆ ಎಚ್‌ಸಿಜಿ ತಯಾರಿಸುವ ಅದರ ಪದರ ಹುಟ್ಟುವುದು ಭ್ರೂಣದ ಕಡೆಯಿಂದ. ತಂದೆಯ ಬೀಜ, ತಾಯಿಯ ಅಂಡ ಎರಡೂ ಸೇರಿ ಆದ ಹೊಸ ಜೀವದ ಹೊರಚಿಪ್ಪು ಅದು.

ಆ ರಸದ ಕೆಲಸ ಏನು? ಪ್ರತಿ ತಿಂಗಳು ಅಂಡ ಹೊರಬಿದ್ದ ಜಾಗದಲ್ಲಿ ಅಂಡಾಶಯದ ಮೇಲೆ ಒಂದು ಹಳದಿ ಗಂಟು ಮೂಡುತ್ತದೆ. ಗರ್ಭಕೋಶದ ಒಳಗೋಡೆಯನ್ನು ಮೆತ್ತಗೆ, ಗಟ್ಟಿಯಾಗಿ ಹಿಡಿದಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಅದು ಸುರಿಸುತ್ತದೆ. ಬಸಿರಾಗದಿದ್ದರೆ ಸುಮಾರು ಎರಡು ವಾರದಲ್ಲಿ ಆ ಗಂಟು ಒಣಗುತ್ತದೆ, ಮುಟ್ಟು ಬರುತ್ತದೆ. ಬಸಿರಾದರೆ ಗರ್ಭಕೋಶದಲ್ಲಿ ನೆಲೆಯೂರಿದ ಭ್ರೂಣ ಎಚ್‌ಸಿಜಿಯನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. 'ನಾನು ಬಂದಿದ್ದೇನೆ, ಒಣಗಬೇಡ' ಎಂದು ಆ ಗಂಟಿಗೆ ಹೋಗುವ ಮಾತು ಅದು. ಮೊದಲ ವಾರಗಳಲ್ಲಿ ಅದರ ಪ್ರಮಾಣ ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ, ಎಂಟರಿಂದ ಹತ್ತನೇ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ದುಬೈಗೆ ಖಾಲಾ ಬರೆದ ಪತ್ರಕ್ಕಿಂತ ಎಷ್ಟೋ ಮೊದಲು ಒಳಗಿನ ಜೀವ ತನ್ನ ಪತ್ರವನ್ನು ತಾಯಿಗೆ ಬರೆದಾಗಿರುತ್ತದೆ.

ನಮ್ಮ ಕರ್ನಾಟಕವೂ ಈ ಚರಿತ್ರೆಯ ಒಂದು ಪುಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಅವರ ಶಿಷ್ಯರು 1960-70ರ ದಶಕಗಳಲ್ಲಿ ಬಸುರಿ ಇಲಿಗಳಿಗೆ, ಅಂಡಾಶಯವನ್ನು ಚೋದಿಸುವ ಹಾರ್ಮೋನಿನ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ಕೊಟ್ಟು ನೋಡಿದರು. ಬಸಿರಿನ ಒಂದು ನಿರ್ದಿಷ್ಟ ಅವಧಿಯಲ್ಲಿ ಕೊಟ್ಟರೆ ಬಸಿರು ಇಳಿಯುತ್ತಿತ್ತು. ಪ್ರೊಜೆಸ್ಟರಾನ್ ಕೊಟ್ಟರೆ ಉಳಿಯುತ್ತಿತ್ತು. ಆ ಅವಧಿ ದಾಟಿದ ಮೇಲೆ ಅದೇ ಪ್ರತಿಕಾಯ ನಿಷ್ಪ್ರಯೋಜಕ. ಅಷ್ಟರಲ್ಲಿ ಮಾಸು ಹೊಣೆ ವಹಿಸಿಕೊಂಡಿರುತ್ತಿತ್ತು. ಮುಂದೆ ಅವರ ಪ್ರಯೋಗಾಲಯ ನಮ್ಮ ತೆಂಗಿನ ತೋಟಗಳಿಗೆ ನುಗ್ಗುವ ಅದೇ ಜಾತಿಯ ಮಂಗಗಳ ಮೇಲೂ ದೀರ್ಘ ಕಾಲ ಅಧ್ಯಯನ ನಡೆಸಿತು. ದಿಲ್ಲಿಯಲ್ಲಿ ಜಿ.ಪಿ. ತಲ್ವಾರ್ ಎಚ್‌ಸಿಜಿಯನ್ನೇ ತಡೆಯುವ ಲಸಿಕೆಯೊಂದನ್ನು ಮಾಡಿದರು. 1994ರಲ್ಲಿ ಪ್ರಕಟವಾದ ವರದಿಯಂತೆ, ಪ್ರತಿಕಾಯ ಸಾಕಷ್ಟಿದ್ದ ಹೆಂಗಸರಲ್ಲಿ 1,224 ಋತುಚಕ್ರಗಳಿಗೆ ಒಂದೇ ಒಂದು ಬಸಿರು ನಿಂತಿತು. ಭ್ರೂಣದ ಆ ಮೊದಲ ಮಾತು ತಾಯಿಯ ಅಂಡಾಶಯಕ್ಕೆ ಕೇಳಿಸದಿದ್ದರೆ ಬಸಿರು ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ತಾಯಿ ಮಗುವಿನ ಕೂಡು ದುಡಿಮೆ

ಮೂತ್ರದಲ್ಲಿ ಕಂಡದ್ದನ್ನು ರಕ್ತದಲ್ಲಿ ಅಳೆಯುವುದು ಸುಲಭವಿರಲಿಲ್ಲ. ರಕ್ತದಲ್ಲಿ ಹಾರ್ಮೋನುಗಳನ್ನು ಅಳೆಯುವ ಮಾನ ನ್ಯಾನೊಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ವಿಕಿರಣದ ಗುರುತು ಹಾಕಿ ಇಷ್ಟು ಸೂಕ್ಷ್ಮವನ್ನು ಅಳೆಯುವ ವಿಧಾನ ಕಂಡುಹಿಡಿದರು. ಅದಕ್ಕಾಗಿ 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. 1972ರಲ್ಲಿ ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಇದೇ ದಾರಿಯಲ್ಲಿ ರಕ್ತದ ಎಚ್‌ಸಿಜಿಯನ್ನು ಬೇರೆ ಹಾರ್ಮೋನುಗಳ ಜೊತೆ ಬೆರಕೆಯಾಗದಂತೆ ಅಳೆಯುವ ಪರೀಕ್ಷೆ ಕೊಟ್ಟರು. ಈ ಚರಿತ್ರೆಯ ತಿರುವುಗಳಲ್ಲಿ ಇಷ್ಟು ಹೆಂಗಸರು ನಿಂತಿರುವುದು ಕಾಕತಾಳೀಯ ಇರಬಹುದು. ಆದರೂ ನನಗೆ ಅದು ಹಿತವೆನಿಸುತ್ತದೆ.

ಅಳೆಯುತ್ತ ಹೋದಂತೆ ಅಚ್ಚರಿಯ ಚಿತ್ರವೊಂದು ಮೂಡಿತು. ಏಳರಿಂದ ಒಂಬತ್ತನೇ ವಾರದ ಹೊತ್ತಿಗೆ ಅಂಡಾಶಯದ ಹಳದಿ ಗಂಟಿನ ಕೆಲಸವನ್ನು ಮಾಸು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ದಿನ ತುಂಬುವಾಗ ಅದು ದಿನಕ್ಕೆ ಸುಮಾರು 250 ಮಿಲಿಗ್ರಾಂ ಪ್ರೊಜೆಸ್ಟರಾನ್ ತಯಾರಿಸುತ್ತದೆ. ತಾಯಿಯ ರಕ್ತದಲ್ಲಿ ಅದರ ಪ್ರಮಾಣ ಬಸಿರಿಲ್ಲದ ದಿನಗಳ ಗರಿಷ್ಠಕ್ಕಿಂತ ಹತ್ತು ಪಟ್ಟು ಏರಿರುತ್ತದೆ. ಆದರೆ ಮಾಸು ಅದನ್ನು ಬರಿಗೈಯಲ್ಲಿ ಮಾಡಲಾರದು. ಕಚ್ಚಾ ವಸ್ತುವಾದ ಕೊಲೆಸ್ಟರಾಲನ್ನು ತಾಯಿಯ ರಕ್ತವೇ ಒದಗಿಸಬೇಕು.

ಈಸ್ಟ್ರೊಜನ್ನುಗಳ ಕಥೆ ಇನ್ನೂ ಸೊಗಸಾಗಿದೆ. ಬಸಿರಿನಲ್ಲಿ ಸಾವಿರ ಪಟ್ಟು ಏರುವ ಈಸ್ಟ್ರಿಯಾಲ್ ಎಂಬುದೊಂದಿದೆ. ಅದಕ್ಕೆ ಬೇಕಾದ ಮೂಲವಸ್ತು ಹುಟ್ಟುವುದು ಮಗುವಿನ ಅಡ್ರಿನಲ್ ಗ್ರಂಥಿಯಲ್ಲಿ. ಮಗುವಿನ ಯಕೃತ್ತು ಅದನ್ನು ಹದಮಾಡುತ್ತದೆ, ಮಾಸು ಅದನ್ನು ಈಸ್ಟ್ರಿಯಾಲ್ ಆಗಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ದುಡಿಯುತ್ತಿದ್ದ ಎಗಾನ್ ಡಿಟ್ಸ್‌ಫಾಲುಸಿ ಈ ಏರ್ಪಾಡನ್ನು ವಿವರಿಸಿದರು. ಮಗುವಿಗೂ ಮಾಸಿಗೂ ಇದನ್ನು ಒಂಟಿಯಾಗಿ ಮಾಡುವ ಶಕ್ತಿಯಿಲ್ಲ. ಒಬ್ಬರಲ್ಲಿ ಇಲ್ಲದ ಕಿಣ್ವ ಇನ್ನೊಬ್ಬರಲ್ಲಿದೆ. ಒಂದು ಕಾಲದಲ್ಲಿ ಮಗು ಕ್ಷೇಮವೇ ಎಂದು ನೋಡಲು ವೈದ್ಯರು ತಾಯಿಯ ಈಸ್ಟ್ರಿಯಾಲನ್ನು ಅಳೆಯುತ್ತಿದ್ದರು.

ಅಂದರೆ ಬಸುರಿಯ ರಕ್ತದಲ್ಲಿರುವ ಈ ಹಾರ್ಮೋನುಗಳು ಅವಳೊಬ್ಬಳ ಆಸ್ತಿಯಲ್ಲ. ತಾಯಿ, ಮಾಸು, ಮಗು ಮೂವರ ಕೂಡು ದುಡಿಮೆಯ ಫಲ. 'ದೌಹೃದಿನಿ' ಎಂಬ ಹಳೆಯ ಮಾತು ಪ್ರಯೋಗಾಲಯದ ಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು.

ಈ ದುಡಿಮೆಗೆ ತಾಯಿ ತೆರುವ ಬೆಲೆಯೂ ಇದೆ. ಮಾಸಿನ ಕೆಲವು ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಮಾಡಿ ಸಕ್ಕರೆಯನ್ನು ಮಗುವಿನ ಕಡೆ ಹರಿಯಗೊಡುತ್ತವೆ. ತಾಳಿಕೊಳ್ಳಲಾಗದ ತಾಯಿಗೆ ಬಸಿರಿನ ಸಕ್ಕರೆ ಕಾಯಿಲೆ ಬರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಕಾಪಾಡಿಕೊಂಡು ಬಂದ ಹೆರಿಗೆಯ ದಾಖಲೆಗಳು ವಿಜ್ಞಾನಿಗಳನ್ನು ಅಲ್ಲಿಗೆ ಸೆಳೆದವು. 1997-98ರಲ್ಲಿ ಆ ಆಸ್ಪತ್ರೆಗೆ ಬಂದ ಬಸುರಿಯರನ್ನು ಪರೀಕ್ಷಿಸಿದಾಗ ಶೇ. 6ರಷ್ಟು ಮಂದಿಯಲ್ಲಿ ಈ ಕಾಯಿಲೆ ಕಂಡಿತು. ಅವರ ಮಕ್ಕಳನ್ನು ಇಂದಿನವರೆಗೂ ಅಧ್ಯಯನ ಮಾಡಲಾಗುತ್ತಿದೆ.

ಹೆರಿಗೆಯಾಗಿ ಮಾಸು ಹೊರಬಿದ್ದ ಕೆಲವೇ ದಿನಗಳಲ್ಲಿ ಈಸ್ಟ್ರೊಜನ್, ಪ್ರೊಜೆಸ್ಟರಾನ್‌ಗಳ ಈ ದೊಡ್ಡ ಅಲೆ ಇಳಿದುಹೋಗುತ್ತದೆ. ಬಾಣಂತಿ ಕಾರಣವಿಲ್ಲದೆ ಅಳುವುದಕ್ಕೆ ನಿದ್ದೆಗೆಡುವುದು, ದಣಿವುಗಳ ಜೊತೆ ಈ ಇಳಿತವೂ ಒಂದು ಕಾರಣವೆಂದು ವೈದ್ಯರು ಹೇಳುತ್ತಾರೆ. ಎರಡು ವಾರ ದಾಟಿಯೂ ಅಳು ನಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ನಮ್ಮಲ್ಲಿ ಅದಕ್ಕೆ 'ಗಾಳಿ ಸೋಕಿದೆ' ಎಂದು ತಾಯಿತ ಕಟ್ಟಿಸಿದ್ದೇ ಹೆಚ್ಚು.

'ಕಡಿಮೆ ಇದೆ' ಎಂಬ ಮಾತಿನ ಅನಾಹುತ

ಅಳೆಯಲು ಕಲಿತ ಮನುಷ್ಯ ಅಳತೆಯನ್ನು ಅರ್ಥಮಾಡಿಕೊಳ್ಳುವಲ್ಲಿ ಎಡವಿದ. ಬಾಸ್ಟನ್ನಿನ ಜಾರ್ಜ್ ಸ್ಮಿತ್ ಮತ್ತು ಆಲಿವ್ ಸ್ಮಿತ್ ದಂಪತಿಗಳು, ಬಸಿರು ಕೆಡುವ ಮೊದಲು ತಾಯಿಯಲ್ಲಿ ಹಾರ್ಮೋನುಗಳು ಇಳಿಯುವುದನ್ನು ಗಮನಿಸಿದರು. ಗಮನಿಸಿದ್ದು ಸರಿಯೇ. ಹಾರ್ಮೋನು ಇಳಿದದ್ದರಿಂದಲೇ ಬಸಿರು ಕೆಟ್ಟಿತು, ಆದ್ದರಿಂದ ಅದನ್ನು ಏರಿಸಬೇಕು ಎಂದು ಅವರು ಬಗೆದದ್ದು ಸರಿಯಲ್ಲ. 1938ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಡಿಇಎಸ್ ಎಂಬ ಕೃತಕ ಈಸ್ಟ್ರೊಜನ್ನನ್ನು ಬಸುರಿಯರಿಗೆ ಕೊಡುವಂತೆ ಅವರು 1940ರ ದಶಕದಲ್ಲಿ ಸಲಹೆ ಮಾಡಿದರು. 1953ರಲ್ಲಿ ಷಿಕಾಗೋದ ಡೀಕ್‌ಮನ್ ಮತ್ತು ಸಂಗಡಿಗರು 1,646 ಬಸುರಿಯರಲ್ಲಿ ಅರ್ಧದಷ್ಟು ಮಂದಿಗೆ ಡಿಇಎಸ್, ಉಳಿದವರಿಗೆ ಬರಿಯ ಮಾತ್ರೆ ಕೊಟ್ಟು ಹೋಲಿಸಿದರು. ಯಾವ ಪ್ರಯೋಜನವೂ ಕಾಣಲಿಲ್ಲ. ಆದರೂ ಮಾರಾಟ ಇನ್ನೂ 18 ವರ್ಷ ನಡೆಯಿತು.

1971ರಲ್ಲಿ ಬಾಸ್ಟನ್ನಿನಲ್ಲೇ, ಹದಿಹರೆಯದ ಆಸುಪಾಸಿನ ಎಂಟು ಹುಡುಗಿಯರಲ್ಲಿ ಅತಿ ಅಪರೂಪದ ಯೋನಿಯ ಕ್ಯಾನ್ಸರ್ ಕಂಡ ವರದಿ ಪ್ರಕಟವಾಯಿತು. ಏಳು ಮಂದಿಯ ತಾಯಂದಿರು ಬಸಿರಿನಲ್ಲಿ ಡಿಇಎಸ್ ನುಂಗಿದ್ದರು. ಆ ಮಾತ್ರೆಯೇ ಕಾರಣವಿರಬಹುದೇ ಎಂದು ಮೊದಲು ಕೇಳಿದವಳು ರೋಗಿಯೊಬ್ಬಳ ತಾಯಿ. ಅಮೆರಿಕದಲ್ಲಿ ತಾಯಂದಿರು, ಮಕ್ಕಳು ಸೇರಿ 50 ಲಕ್ಷದಿಂದ ಒಂದು ಕೋಟಿ ಮಂದಿಗೆ ಆ ಮದ್ದು ತಾಗಿತ್ತೆಂದು ಅಂದಾಜು. ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದ್ದಕ್ಕೆ ಆ ಪೀಳಿಗೆ ಬೆಲೆ ತೆತ್ತಿತು.

ನಮ್ಮ ದೇಶದ ಕಥೆ ಬೇರೆ ಬಗೆಯದು. ಈಸ್ಟ್ರೊಜನ್ ಮತ್ತು ಪ್ರೊಜೆಸ್ಟರಾನ್ ಬೆರೆಸಿದ, ಇಪಿ ಎಂದು ಹೆಸರಾದ ಹೆಚ್ಚು ಪ್ರಮಾಣದ ಮದ್ದನ್ನು ಬಸಿರಿನ ಪರೀಕ್ಷೆಗೆ ಬಳಸುತ್ತಿದ್ದರು. ನುಂಗಿದ ಮೇಲೆ ಮುಟ್ಟಾದರೆ ಬಸಿರಿಲ್ಲ, ಆಗದಿದ್ದರೆ ಬಸಿರು. ಬಸಿರು ತೆಗೆಯುವ ಮದ್ದೆಂದು ತಪ್ಪಾಗಿ ನಂಬಿ ನುಂಗಿದವರೂ ಇದ್ದರು. ಇಂಥ ಮಾತ್ರೆಗಳಿಂದ ಮಗುವಿಗೆ ಅಂಗದೋಷ ಬರಬಹುದೆಂದು ಬ್ರಿಟನ್ನಿನ ವೈದ್ಯೆ ಇಸಾಬೆಲ್ ಗಾಲ್ 1967ರಲ್ಲೇ ಎಚ್ಚರಿಸಿದ್ದರು. ಆ ಸಂಬಂಧದ ಬಗ್ಗೆ ವಿಜ್ಞಾನಿಗಳ ವಾದ ಇಂದಿಗೂ ಮುಗಿದಿಲ್ಲ. ಆದರೆ ನಿರುಪದ್ರವಿಯಾದ ಮೂತ್ರ ಪರೀಕ್ಷೆ ಇರುವಾಗ ಇಂಥ ಅಪಾಯ ಏಕೆ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಮಹಿಳಾ ಸಂಘಟನೆಗಳು, ಆರೋಗ್ಯ ಕಾರ್ಯಕರ್ತರು ದನಿಯೆತ್ತಿದರು. 1982ರಲ್ಲಿ ಸರಕಾರ ನಿಷೇಧಕ್ಕೆ ಹೊರಟಿತು. ಕಂಪೆನಿಗಳು ಹೈಕೋರ್ಟುಗಳಿಂದ ತಡೆ ತಂದವು. ಸುಪ್ರೀಂ ಕೋರ್ಟಿನ ಸೂಚನೆಯಂತೆ ಸಾರ್ವಜನಿಕ ವಿಚಾರಣೆಗಳು ನಡೆದು, ಕೊನೆಗೆ ನಿಷೇಧ ಜಾರಿಯಾದದ್ದು 1988ರಲ್ಲಿ.

ಆ ತಡೆಯ ವರ್ಷಗಳಲ್ಲೇ ಖಾಲಾ ತನ್ನ ಎರಡನೇ ಬಸಿರಿನಲ್ಲಿ ಇಂಥ ಮಾತ್ರೆ ನುಂಗಿದ್ದಳು. ಗಂಡನ ಮನೆಯವರು ಪೇಟೆಯ ಒಂದು ಔಷಧಿ ಅಂಗಡಿಯಿಂದ ತಂದುಕೊಟ್ಟಿದ್ದರು, ಚೀಟಿಯಿಲ್ಲದೆ. ಅವಳ ಬಸಿರು ಇಳಿದದ್ದಕ್ಕೆ ಅದೇ ಕಾರಣ ಎಂದು ನಾನು ಹೇಳಲಾರೆ. ಬಸುರಿಯೇ ಎಂದು ತಿಳಿಯುವ ಅವಸರ ಮನೆಯವರದ್ದಾಗಿತ್ತು, ಮಾತ್ರೆ ನುಂಗುವ ಬಾಯಿ ಅವಳದ್ದಾಗಿತ್ತು ಎಂದಷ್ಟೇ ಹೇಳಬಲ್ಲೆ.

ಇಂದು ತಿಳಿದಿರುವುದು

ಮೊದಲ ಮೂರು ತಿಂಗಳಲ್ಲಿ ಇಳಿದುಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಲೆಕ್ಕ ತಪ್ಪಿರುವುದೇ ಕಾರಣ ಎಂದು ಇಂದು ತಿಳಿದಿದೆ. ಅದು ಅಂಡದಿಂದಲೂ ಬರಬಹುದು, ಬೀಜದಿಂದಲೂ ಬರಬಹುದು, ಎರಡೂ ಸೇರಿದ ನಂತರವೂ ಆಗಬಹುದು. ಬೆಳೆಯಲಾರದ ಭ್ರೂಣ ಎಚ್‌ಸಿಜಿಯನ್ನು ಸಾಕಷ್ಟು ಕಳಿಸಲಾರದು. ಮಾತು ಬಾರದಿದ್ದರೆ ಹಳದಿ ಗಂಟು ಒಣಗುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ. ಅಂದರೆ 'ಹಾರ್ಮೋನು ಕಡಿಮೆ' ಎಂಬುದು ಎಷ್ಟೋ ಸಲ ಕೆಟ್ಟ ಬಸಿರಿನ ಸುದ್ದಿ, ಕೆಡಿಸಿದ ಕಾರಣವಲ್ಲ. ದೀಪ ಆರಿದ ಮೇಲೆ ಕತ್ತಲಾದರೆ ಕತ್ತಲೆಯೇ ದೀಪ ಆರಿಸಿತು ಎನ್ನುತ್ತೇವೆಯೇ?

ಹಾಗೆಂದು ಹಾರ್ಮೋನಿನ ಚಿಕಿತ್ಸೆಯೆಲ್ಲ ವ್ಯರ್ಥ ಎಂದಲ್ಲ. ಕಾರಣ ತಿಳಿಯದೆ ಮತ್ತೆ ಮತ್ತೆ ಬಸಿರು ಕಳೆದುಕೊಂಡ 836 ಹೆಂಗಸರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರೊಜೆಸ್ಟರಾನ್ ಪಡೆದವರಲ್ಲಿ ಶೇ. 65.8, ಬರಿಯ ಮದ್ದು ಪಡೆದವರಲ್ಲಿ ಶೇ. 63.3 ಮಂದಿಗೆ ಜೀವಂತ ಮಗು ಹುಟ್ಟಿತು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. 2019ರಲ್ಲಿ ಪ್ರಕಟವಾದ, ಬಸಿರಿನ ಮೊದಲ ವಾರಗಳಲ್ಲಿ ರಕ್ತ ಕಂಡ 4,153 ಹೆಂಗಸರ ಅಧ್ಯಯನದಲ್ಲಿ ಒಟ್ಟಾರೆ ಖಚಿತ ಲಾಭ ಕಾಣಲಿಲ್ಲ. ಆದರೆ ಅವರಲ್ಲಿ ಹಿಂದೆ ಮೂರು ಅಥವಾ ಹೆಚ್ಚು ಬಸಿರು ಕಳೆದುಕೊಂಡವರನ್ನಷ್ಟೇ ನೋಡಿದಾಗ ಪ್ರೊಜೆಸ್ಟರಾನ್ ಪಡೆದವರಲ್ಲಿ ಶೇ. 72, ಪಡೆಯದವರಲ್ಲಿ ಶೇ. 57 ಮಂದಿಗೆ ಮಗು ದಕ್ಕಿತು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರು ನೋಡಿ ಹೇಳಬೇಕು.

ಆ ಮೊದಲ ಅಧ್ಯಯನದ ಇನ್ನೊಂದು ಅಂಕಿ ನನ್ನ ಮನಸ್ಸಿನಲ್ಲಿ ಕೂತಿದೆ. ಮದ್ದಿಲ್ಲದೆಯೂ ನೂರರಲ್ಲಿ 63 ಮಂದಿ, ಮೂರು ಸಲ ಸೋತವರು, ಮುಂದಿನ ಸಲ ತಾಯಂದಿರಾದರು. ಖಾಲಾಳಿಗೆ ನಾಲ್ಕನೆಯ ಸಲ ಎಂಬುದೇ ಸಿಗಲಿಲ್ಲ.

ಇಂದು ಕಾಯ್ಕಿಣಿಯಂಥ ಊರಿನಲ್ಲೂ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಸಿರಿನ ಪರೀಕ್ಷೆಯ ಕಿಟ್ ಇರುತ್ತದೆ. ಎಚ್‌ಸಿಜಿಯನ್ನು ಹಿಡಿಯುವ ಪ್ರತಿಕಾಯ ಲೇಪಿಸಿದ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದರೆ ಸುದ್ದಿ ಖಚಿತ. ವೀಡಿಯೊ ಕಾಲಿನಲ್ಲಿ ಅದು ಆ ಕ್ಷಣವೇ ದುಬೈ ಮುಟ್ಟುತ್ತದೆ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ ದಾಖಲಾಗುತ್ತದೆ. ತೊಡಕಿನ ಬಸಿರಾದರೆ ಮಾತ್ರ ಇಂದಿಗೂ ಕುಂದಾಪುರಕ್ಕೋ ಸುಮಾರು ನೂರು ಕಿಲೋಮೀಟರ್ ದೂರದ ಮಣಿಪಾಲಕ್ಕೋ ಓಡಬೇಕು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ದೊಡ್ಡದಾಗಿ ಎದ್ದಿತ್ತು. ಆ ವರ್ಷದ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ತೀರಿಕೊಂಡದ್ದನ್ನು ಈ ಕರಾವಳಿ ಮರೆತಿಲ್ಲ.

ಪರೀಕ್ಷೆ ಸುಲಭವಾಯಿತು, ಆದರೆ ದೂಷಣೆಯ ಭಾಷೆ ಮಾತ್ರ ಹೊಸ ಬಟ್ಟೆ ತೊಟ್ಟಿದೆ. ಹಿಂದೆ 'ಕಣ್ಣು ತಾಗಿದೆ' ಎನ್ನುತ್ತಿದ್ದ ಅತ್ತೆಯಂದಿರು ಈಗ 'ಅವಳಿಗೆ ಹಾರ್ಮೋನು ಪ್ರಾಬ್ಲಂ ಅಂತೆ' ಎನ್ನುತ್ತಾರೆ. ಮಾತು ವೈದ್ಯಕೀಯದ್ದು, ತೀರ್ಪು ಹಳೆಯದೇ.

ಕಳೆದ ಮಳೆಗಾಲದಲ್ಲಿ ಕಾಯ್ಕಿಣಿಗೆ ಹೋಗಿದ್ದೆ. ಖಾಲಾಳಿಗೆ ಈಗ ಅರವತ್ತೈದು ದಾಟಿದೆ. ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಈ ಲೇಖನದ ವಿಷಯ ಹೇಳಿದೆ. ಆ ರಸ ಹುಟ್ಟುವುದು ಮಗುವಿನ ಕಡೆಯ ಮಾಸಿನಲ್ಲಿ, ತಾಯಿಯದ್ದು ಅದರಲ್ಲಿ ಒಂದು ಪಾಲು ಮಾತ್ರ ಎಂದೆ. ನಿನಗೆ ಏನಾಗಿತ್ತೆಂದು ಈಗ ಯಾರೂ ಹೇಳಲಾರರು, ಆಗಲೂ ಯಾರೂ ಪರೀಕ್ಷೆ ಮಾಡಿರಲಿಲ್ಲ ಎಂದೂ ಹೇಳಿದೆ. ಅವಳು ದಾರ ಎಳೆದು ಗಂಟು ಹಾಕಿದಳು.

"ನನಗೇನು, ನನ್ನದು ಮುಗಿಯಿತು ಬೇಟಿ" ಎಂದಳು. "ಅಮ್ಮಿ ಇರುವಾಗ ಯಾರಾದರೂ ಬಂದು ಇದನ್ನು ಹೇಳಿದ್ದರೆ ಆಗುತ್ತಿತ್ತು. ಸಾಯುವವರೆಗೂ ಅವಳು, ನನ್ನ ಹಾಲಿನಲ್ಲೇ ಏನೋ ಕೊರತೆ ಇತ್ತು ಅಂದುಕೊಂಡಿದ್ದಳು."

ನಾನಿಯೂ ಆ ಭಾರ ಹೊತ್ತಿದ್ದಳೆಂದು ನನಗೆ ಅಂದೇ ತಿಳಿದದ್ದು. ಹೆಣ್ಣಿನ ಮೇಲಿನ ಒಂದು ತಪ್ಪು ಮಾತು ಅವಳಲ್ಲಿಗೇ ನಿಲ್ಲುವುದಿಲ್ಲ, ಅವಳ ತಾಯಿಯವರೆಗೂ ಹೋಗುತ್ತದೆ. ಆದ್ದರಿಂದ ಈ ಚರಿತ್ರೆ ವೈದ್ಯರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಅತ್ತೆಯಂದಿರಿಗೆ, ಗಂಡಂದಿರಿಗೆ, ಮಸೀದಿ ಮಂದಿರಗಳ ಹಿರಿಯರಿಗೆ ಮತ್ತು ಎಲ್ಲಕ್ಕಿಂತ ಮೊದಲು ಮಗು ಕಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿರುವ ಆ ಹೆಣ್ಣಿಗೆ ಇದು ಗೊತ್ತಾಗಬೇಕು.